ಪಟಾಕಿಯ ಸದ್ದನ್ನು ಯಾರ ಕಿವಿಯಿಂದ ಅಳೆಯಬೇಕು?

ಮಂಗಳೂರಿನ ಕೊಟ್ಟಾರದಲ್ಲಿ ನಾವು ವಾಸಿಸುವ ಓಣಿಯು ರಾಷ್ಟ್ರೀಯ ಹೆದ್ದಾರಿಗೆ ಬಹಳ ದೂರವಿಲ್ಲ. ಚೌಕಿಯ ಕಡೆಯಿಂದ ಲಾರಿಗಳ ಗುಡುಗಾಟವೂ ಬಸ್ಸುಗಳ ಹಾರನ್ನುಗಳೂ ಹಗಲಿರುಳೆನ್ನದೆ ಕೇಳಿಬರುತ್ತಲೇ ಇರುವುವು. ನೆರೆಮನೆಯ ಕರಿಯನೆಂಬ ನಾಯಿಯು ಈ ಗದ್ದಲದ ನಡುವೆಯೇ ಹುಟ್ಟಿ ಬೆಳೆದುದು. ಜಗಲಿಯ ಮೇಲೆ ಕಾಲು ಚಾಚಿ ಮಲಗಿತೆಂದರೆ ಗೇಟಿನ ಮುಂದೆಯೇ ಲಾರಿಯೊಂದು ಹಾದುಹೋದರೂ ಅದು ಒಂದು ಕಿವಿಯನ್ನಷ್ಟೇ ನಿಮಿರಿಸಿ ಮತ್ತೆ ನಿದ್ರೆಗಿಳಿಯುತ್ತಿತ್ತು. ಅಂಥ ನಾಯಿಯು ಕೆಲವು ವರ್ಷಗಳ ಹಿಂದೆ, ದೀಪಾವಳಿಯ ನೀರು ತುಂಬುವ ಹಬ್ಬದ ರಾತ್ರಿ, ಓಣಿಯ ತುದಿಯಲ್ಲಿ ಯಾರೋ ಹಚ್ಚಿದ ಒಂದು ಗರ್ನಾಲಿನ ಸದ್ದಿಗೆ ಕೊರಳಪಟ್ಟಿಯನ್ನೇ ಹರಿದುಕೊಂಡು ಓಡಿಹೋಯಿತು. ನಮ್ಮ ಜಿಲ್ಲೆಯಲ್ಲಿ ಗರ್ನಾಲು ಎಂದು ಕರೆಯುವ ದೊಡ್ಡ ಸಿಡಿಮದ್ದನ್ನು ವಾಚಕರಲ್ಲಿ ಹಲವರು ಬಲ್ಲರು. ಮನೆಯವರು ಎರಡು ದಿನ ಹುಡುಕಿದರು. ಮೂರನೆಯ ದಿನ ಅದು ಕೂಳೂರಿನ ಸೇತುವೆಯ ಬಳಿ, ಗುರುಪುರ ನದಿಯ ದಂಡೆಯಲ್ಲಿ, ಅಂಗಾಲಿನ ಚರ್ಮವೆಲ್ಲ ಸುಲಿದು ಹೋದ ಸ್ಥಿತಿಯಲ್ಲಿ ಸಿಕ್ಕಿತು. ಹೆದ್ದಾರಿಯನ್ನು ಹೇಗೆ ದಾಟಿ ಅಷ್ಟು ದೂರ ಹೋಯಿತೋ ತಿಳಿಯದು. ಆಮೇಲೆ ಒಂದು ತಿಂಗಳ ಕಾಲ ಕತ್ತಲೆಯಾದ ಮೇಲೆ ಅದು ಅಂಗಳಕ್ಕೆ ಇಳಿಯಲಿಲ್ಲ.

ಆ ದಿನಗಳಲ್ಲಿಯೇ ನಮ್ಮ ತರಗತಿಯ ವಿದ್ಯಾರ್ಥಿಯೊಬ್ಬನು ಮೊಬೈಲ್ ಫೋನೊಂದನ್ನು ಹಿಡಿದುಕೊಂಡು ನಮ್ಮಲ್ಲಿಗೆ ಬಂದನು. ಹಬ್ಬದ ರಾತ್ರಿ ತನ್ನ ಮನೆಯ ಮುಂದೆ ಪಟಾಕಿಯ ಸದ್ದನ್ನು ಅವನು ಅದರಲ್ಲಿ ಅಳೆದಿದ್ದನು. “ಸರ್, ಕಾನೂನು 125 ಡೆಸಿಬೆಲ್ ಎನ್ನುತ್ತದೆ. ಇದರಲ್ಲಿ ನೂರನ್ನೂ ಮುಟ್ಟಲಿಲ್ಲ. ಹಾಗಿದ್ದರೆ ತೊಂದರೆ ಎಲ್ಲಿ ಬಂತು?” ಎಂದು ಕೇಳಿದನು. ಪ್ರಶ್ನೆಯು ಪ್ರಾಮಾಣಿಕವಾದುದೇ. ತಕ್ಷಣ ಉತ್ತರ ಹೇಳಲು ಹೋಗಿ ನಾವು ತಡವರಿಸಿದೆವು. ಫೋನಿನ ಅಂಕಿ, ಕಾನೂನಿನ ಅಂಕಿ, ಕರಿಯನು ಕೇಳಿದ ಸದ್ದು ಈ ಮೂರೂ ಒಂದೇ ವಸ್ತುವಲ್ಲವೆಂಬುದು ಕುಳಿತು ಲೆಕ್ಕ ಹಾಕಿದ ಮೇಲೆಯೇ ನಮಗೂ ಸ್ಪಷ್ಟವಾದುದು.

ಮೊದಲು ಫೋನನ್ನೇ ಪರಿಶೀಲಿಸೋಣ. ಪಟಾಕಿಯು ಸಿಡಿದಾಗ ಅದರೊಳಗಿನ ಮದ್ದು ಕಣ್ಣೆವೆಯಿಕ್ಕುವುದಕ್ಕಿಂತ ಬೇಗನೆ ಬಿಸಿಯಾದ ಅನಿಲವಾಗಿ ಮಾರ್ಪಟ್ಟು ಸುತ್ತಲಿನ ಗಾಳಿಯನ್ನು ಹೊರಕ್ಕೆ ತಳ್ಳುವುದು. ಈ ತಳ್ಳುವಿಕೆಯ ಮುಖ್ಯ ಭಾಗವು ಒಂದೆರಡು ಮಿಲಿಸೆಕೆಂಡುಗಳಲ್ಲಿ, ಎಂದರೆ ಸೆಕೆಂಡಿನ ಸಾವಿರದ ಒಂದೆರಡು ಪಾಲಿನಷ್ಟು ಹೊತ್ತಿನಲ್ಲಿ, ಮುಗಿದುಹೋಗುವುದು. ಸಾಮಾನ್ಯ ಶಬ್ದಮಾಪಕವಾದರೋ ಸುಮಾರು 125 ಮಿಲಿಸೆಕೆಂಡುಗಳ ಅವಧಿಯಲ್ಲಿ ಬಂದ ಸದ್ದನ್ನೆಲ್ಲ ಸರಾಸರಿ ಮಾಡಿ ತೋರಿಸುತ್ತದೆ. ಎರಡು ಮಿಲಿಸೆಕೆಂಡಿನ ಹೊಡೆತವನ್ನು ಹೀಗೆ ಹರಡಿಬಿಟ್ಟರೆ ಅಂಕಿಯು ಸುಮಾರು 18 ಡೆಸಿಬೆಲ್ಲುಗಳಷ್ಟು ಇಳಿದು ಕಾಣುವುದು. ಒಂದು ತಂಬಿಗೆ ನೀರನ್ನು ತಲೆಯ ಮೇಲೆ ಒಮ್ಮೆಲೆ ಸುರಿದು, ‘ದಿನದ ಸರಾಸರಿಯಲ್ಲಿ ನೀನು ನೆನೆಯಲೇ ಇಲ್ಲ’ ಎಂದು ಹೇಳಿದ ಹಾಗೆ! ಇದಲ್ಲದೆ ಫೋನಿನ ಪುಟ್ಟ ಮೈಕ್ರೊಫೋನು ಮಾತಿಗೆಂದು ಮಾಡಿದುದು. ಅತಿ ಬಲವಾದ ಹೊಡೆತ ಬಂದಾಗ ಅದು ತನ್ನ ಮಿತಿಯನ್ನು ಮುಟ್ಟಿ ಅಲ್ಲಿಯೇ ನಿಂತುಬಿಡುವುದು. ಆದುದರಿಂದ ನಮ್ಮ ವಿದ್ಯಾರ್ಥಿಯ ಅಂಕಿಯು ಸುಳ್ಳಲ್ಲ, ಆದರೆ ಅದು ಪಟಾಕಿಯ ಅಂಕಿಯಲ್ಲ.

ಇನ್ನು ಕಾನೂನಿನ ಅಂಕಿ. ಪರಿಸರ ಸಂರಕ್ಷಣಾ ನಿಯಮಗಳಿಗೆ 1999ರಲ್ಲಿ ಮಾಡಿದ ತಿದ್ದುಪಡಿಯ ಪ್ರಕಾರ, ಸಿಡಿಯುವ ಸ್ಥಳದಿಂದ 4 ಮೀಟರು ದೂರದಲ್ಲಿ 125 ಡೆಸಿಬೆಲ್ಲಿಗಿಂತ ಅಥವಾ ಕ್ಷಣಿಕ ಶಿಖರದ ಲೆಕ್ಕದಲ್ಲಿ 145 ಡೆಸಿಬೆಲ್ಲಿಗಿಂತ ಹೆಚ್ಚು ಸದ್ದು ಮಾಡುವ ಪಟಾಕಿಯನ್ನು ತಯಾರಿಸುವುದೂ ಮಾರುವುದೂ ಸುಡುವುದೂ ನಿಷಿದ್ಧ. ಡೆಸಿಬೆಲ್ಲಿನ ಲೆಕ್ಕವು ಕೂಡುವ ಲೆಕ್ಕವಲ್ಲ, ಗುಣಿಸುವ ಲೆಕ್ಕವೆಂಬುದನ್ನು ವಿದ್ಯಾರ್ಥಿಗಳು ಇಲ್ಲಿ ನೆನೆಯಬೇಕು. ಇಪ್ಪತ್ತು ಡೆಸಿಬೆಲ್ ಏರಿತೆಂದರೆ ಗಾಳಿಯ ಒತ್ತಡದ ಏರಿಳಿತವು ಹತ್ತು ಮಡಿಯಾಯಿತೆಂದು ಅರ್ಥ. ಎದುರುಬದುರು ಕುಳಿತು ಆಡುವ ಮಾತು ಸುಮಾರು 60 ಡೆಸಿಬೆಲ್. ಆಗ ಒತ್ತಡದ ಏರಿಳಿತ 0.02 ಪಾಸ್ಕಲ್. 125 ಡೆಸಿಬೆಲ್ಲಿನಲ್ಲಿ ಅದು ಸುಮಾರು 36 ಪಾಸ್ಕಲ್, ಎಂದರೆ ಮಾತಿನ 1,800 ಪಾಲು. 145ರ ಶಿಖರದಲ್ಲಿ ಅದು 356 ಪಾಸ್ಕಲ್ಲುಗಳನ್ನು ಮುಟ್ಟುವುದು. ವಾಯುಮಂಡಲದ ಇಡೀ ಒತ್ತಡದ ಸುಮಾರು ಮುನ್ನೂರರಲ್ಲೊಂದು ಪಾಲು ಇದು. ಕಾನೂನು ಒಪ್ಪುವ ಪಟಾಕಿಯೂ ಮೆತ್ತಗಿನ ಪಟಾಕಿಯೇನಲ್ಲವೆಂಬುದು ಇದರಿಂದ ವಿದಿತವಾಗುವುದು.

ದೂರವು ಇಲ್ಲಿ ನಮ್ಮ ಮಿತ್ರ. ಬಯಲಿನಲ್ಲಿ ದೂರವು ಇಮ್ಮಡಿಯಾದಂತೆಲ್ಲ ಸದ್ದು 6 ಡೆಸಿಬೆಲ್ಲುಗಳಷ್ಟು, ಹತ್ತು ಮಡಿಯಾದರೆ 20 ಡೆಸಿಬೆಲ್ಲುಗಳಷ್ಟು ತಗ್ಗುತ್ತದೆ. 4 ಮೀಟರಿನಲ್ಲಿ 125 ಇದ್ದುದು 40 ಮೀಟರಿನಲ್ಲಿ 105, 400 ಮೀಟರಿನಲ್ಲಿ 85. ಆದರೆ ಕೊಟ್ಟಾರದಂಥ ಬಡಾವಣೆಯಲ್ಲಿ ಒಂದು ಮನೆಯ ಗೋಡೆಗೂ ಇನ್ನೊಂದು ಮನೆಯ ಗೋಡೆಗೂ ನಡುವೆ ಎಷ್ಟು ಜಾಗವುಂಟು? ಓಣಿಯಲ್ಲಿ ಸಿಡಿದ ಸದ್ದು ಆಚೀಚೆಯ ಗೋಡೆಗಳಿಗೆ ತಾಗಿ ಹಿಂದಿರುಗುವುದರಿಂದ ಬಯಲಿನಲ್ಲಿ ತಗ್ಗುವಷ್ಟು ಬೇಗ ತಗ್ಗುವುದೂ ಇಲ್ಲ. ರಾತ್ರಿಯಾದರೆ ಮತ್ತೊಂದು ಸಂಗತಿಯು ಸೇರಿಕೊಳ್ಳುವುದು. ಸೂರ್ಯಾಸ್ತದ ಮೇಲೆ ನೆಲವು ತಣ್ಣಗಾಗಿ, ನೆಲದ ಹತ್ತಿರದ ಗಾಳಿಯು ಮೇಲಿನ ಗಾಳಿಗಿಂತ ಹೆಚ್ಚು ತಂಪಾಗುವುದುಂಟು. ಬೆಚ್ಚಗಿನ ಗಾಳಿಯಲ್ಲಿ ಶಬ್ದದ ವೇಗ ಹೆಚ್ಚು. ಪ್ರತಿ ಡಿಗ್ರಿಗೆ ಸೆಕೆಂಡಿಗೆ 0.6 ಮೀಟರಿನಷ್ಟು. ಆದುದರಿಂದ ಮೇಲಕ್ಕೆ ಹೋಗಬೇಕಾದ ತರಂಗಗಳು ಬಾಗಿ ಮತ್ತೆ ನೆಲಕ್ಕೇ ಇಳಿಯುವುವು. ಹಗಲಿನಲ್ಲಿ ಕೇಳಿಸದ ದೂರದ ರೈಲಿನ ಸಿಳ್ಳು ರಾತ್ರಿ ಕೇಳಿಸುವುದು ಇದರಿಂದಲೇ. ರಾತ್ರಿ ಹೊತ್ತಿನ ಪಟಾಕಿಯನ್ನು ಕೇಳುವವರ ಸಂಖ್ಯೆಯು, ನಾವು ಎಣಿಸಿದುದಕ್ಕಿಂತ ದೊಡ್ಡದು.

ಈಗ ಮುಖ್ಯ ವಿಷಯಕ್ಕೆ ಬರುವೆವು. ಕಾನೂನಿನ 125 ಎಂಬ ಅಂಕಿಯ ಮುಂದೆ ‘ಎ’ ಎಂಬ ಅಕ್ಷರವೊಂದು ಆವರಣದಲ್ಲಿ ಕುಳಿತಿರುತ್ತದೆ. ಪತ್ರಿಕೆಗಳಲ್ಲಿ ಅದನ್ನು ಸಾಮಾನ್ಯವಾಗಿ ಬಿಟ್ಟುಬಿಡುವರು. ಕರಿಯನ ಮಟ್ಟಿಗೆ ಎಲ್ಲವೂ ಆ ಅಕ್ಷರದಲ್ಲಿಯೇ ಅಡಗಿದೆ. 1933ರಲ್ಲಿ ಅಮೆರಿಕದ ಫ್ಲೆಚರ್ ಮತ್ತು ಮನ್ಸನ್ ಎಂಬ ವಿಜ್ಞಾನಿಗಳು ಬೇರೆ ಬೇರೆ ಸ್ವರಗಳು ಮನುಷ್ಯನ ಕಿವಿಗೆ ಎಷ್ಟೆಷ್ಟು ಜೋರಾಗಿ ಕೇಳಿಸುವುವೆಂಬುದನ್ನು ಅಳೆದು ನಕ್ಷೆಗಳನ್ನು ಬರೆದರು. ಬಹಳ ತಗ್ಗಿನ ಸ್ವರಗಳನ್ನೂ ಬಹಳ ಮೇಲಿನ ಸ್ವರಗಳನ್ನೂ ನಮ್ಮ ಕಿವಿಯು ಕಡೆಗಣಿಸುವುದು; ನಡುವಿನ ಸ್ವರಗಳಿಗೆ ಬಲು ಚುರುಕಾಗಿರುವುದು. ಶಬ್ದಮಾಪಕವೂ ಹಾಗೆಯೇ ಕೇಳಬೇಕೆಂದು ಆ ನಕ್ಷೆಗಳ ಆಧಾರದಿಂದ ಮಾಡಿದ ಸೋಸುವಿಕೆಗೆ ‘ಎ’ ಎಂದು ಹೆಸರು. ಈ ಲೆಕ್ಕದಲ್ಲಿ ಸೆಕೆಂಡಿಗೆ 100 ಕಂಪನಗಳ ಸ್ವರದಿಂದ 19 ಡೆಸಿಬೆಲ್ಲುಗಳನ್ನೂ 31.5 ಕಂಪನಗಳ ಸ್ವರದಿಂದ 39 ಡೆಸಿಬೆಲ್ಲುಗಳನ್ನೂ ಕಳೆದುಬಿಡುವರು. 20,000 ಕಂಪನಗಳ ಮೇಲಿನದು ಲೆಕ್ಕಕ್ಕೇ ಬಾರದು. 145ರ ಶಿಖರವನ್ನು ಅಳೆಯುವ ‘ಸಿ’ ಎಂಬ ಸೋಸುವಿಕೆಯು ತಗ್ಗಿನ ಸ್ವರಗಳಿಗೆ ಇಷ್ಟು ನಿರ್ದಯವಲ್ಲ. ಆದರೆ ಅದೂ ಮನುಷ್ಯನ ಶ್ರವಣದ ಎಲ್ಲೆಯೊಳಗೇ ನಿಲ್ಲುವುದು. ಒಟ್ಟಿನಲ್ಲಿ ಕಾನೂನಿನ ಮಾಪಕಕ್ಕೆ ಜೋಡಿಸಿರುವುದು ಮನುಷ್ಯನ ಕಿವಿ. ಮನುಷ್ಯನಿಗಾಗಿ ಮಾಡಿದ ಕಾನೂನಿನಲ್ಲಿ ಇದು ತಪ್ಪೆಂದು ನಾವು ಹೇಳುತ್ತಿಲ್ಲ. ಆದರೆ ‘ಮಿತಿಯೊಳಗೆ ಇದೆ’ ಎಂಬ ಮಾತನ್ನು ಆ ಮಾಪಕದ ಬಲದಿಂದ ಹಟ್ಟಿಯ ಹಸುವಿಗೆ ಹೇಳುವಂತಿಲ್ಲ.

ಬೇರೆ ಕಿವಿಗಳು ಹೇಗಿರುವುವು? ಹೆಫ್ನರ್ ಎಂಬ ದಂಪತಿಗಳು ಅಮೆರಿಕದಲ್ಲಿ ಹಲವು ವರ್ಷಗಳ ಕಾಲ ಒಂದೊಂದೇ ಪ್ರಾಣಿಯನ್ನು ಪರೀಕ್ಷಿಸಿ ಕಂಡುಕೊಂಡ ಅಂಕಿಗಳು ಇಂದಿಗೂ ಈ ಶಾಸ್ತ್ರದ ಆಧಾರ. ಮನುಷ್ಯನು 20ರಿಂದ 20,000 ಹರ್ಟ್ಸಿನವರೆಗೆ ಕೇಳುವನಾದರೆ, ನಾಯಿಯು 67ರಿಂದ 45,000ದವರೆಗೂ ಬೆಕ್ಕು ಸುಮಾರು 85,000ದವರೆಗೂ ಕೇಳಬಲ್ಲವು. ಹಸುವು 23ರಿಂದ 35,000ದವರೆಗೆ ಕೇಳುವುದು. ಅದರ ಕಿವಿ ಅತ್ಯಂತ ಚುರುಕಾಗಿರುವುದು 8,000 ಹರ್ಟ್ಸಿನ ಬಳಿಯಲ್ಲಿ. ಏಷ್ಯದ ಆನೆಯ ಕ್ರಮವೇ ಬೇರೆ. ಮೇಲೆ 10,500ಕ್ಕೇ ಅದರ ಶ್ರವಣ ಮುಗಿಯುವುದು, ಆದರೆ ಕೆಳಗೆ ನಮಗೆ ನಿಲುಕದ 17 ಹರ್ಟ್ಸಿನ ಗುಂಯ್‌ಗಾಟವನ್ನೂ ಅದು ಕೇಳಬಲ್ಲುದು.

ಈ ಅಂಕಿಗಳನ್ನು ಓದಿದ ಕೂಡಲೆ ‘ನಾಯಿಗೆ ಶ್ರವಣಾತೀತ ಧ್ವನಿ ಕೇಳಿಸುವುದರಿಂದ ಪಟಾಕಿಗೆ ಹೆದರುವುದು’ ಎಂದು ಹೇಳಿಬಿಡುವವರು ಬಹಳ. ನಾವೂ ಒಮ್ಮೆ ತರಗತಿಯಲ್ಲಿ ಹಾಗೆಯೇ ಹೇಳಿದ್ದೆವು. ಅದು ಅವಸರದ ಮಾತು. ಅತಿ ಮೇಲಿನ ಸ್ವರಗಳನ್ನು ಗಾಳಿಯೇ ನುಂಗಿಬಿಡುವುದು. 40,000 ಹರ್ಟ್ಸಿನ ಧ್ವನಿಯು ಗಾಳಿಯಲ್ಲಿ ಪ್ರತಿ ಮೀಟರಿಗೂ ಒಂದು ಡೆಸಿಬೆಲ್ಲಿಗಿಂತ ಹೆಚ್ಚಾಗಿ ಕ್ಷಯಿಸುವುದರಿಂದ, ನೂರು ಮೀಟರು ಆಚೆ ಸಿಡಿದ ಪಟಾಕಿಯಲ್ಲಿ ಆ ಭಾಗವು ನಾಯಿಯನ್ನು ತಲಪುವುದೇ ಇಲ್ಲ. ಆದರೂ ನಾಯಿಯು ನಡುಗುವುದು. ಹಾಗಾದರೆ ಕಾರಣವನ್ನು ಬೇರೆಡೆಯಲ್ಲಿಯೂ ಹುಡುಕಬೇಕು. ಹಲವು ಸಾವಿರ ಹರ್ಟ್ಸಿನ, ಎಂದರೆ ನಮಗೂ ಕೇಳಿಸುವ, ಮೇಲುಸ್ವರಗಳಿಗೆ ನಾಯಿಯ ಕಿವಿ ನಮ್ಮದಕ್ಕಿಂತ ಸೂಕ್ಷ್ಮವೆಂಬುದು ಒಂದು. ಅದಕ್ಕಿಂತ ಮುಖ್ಯವಾದುದು ಸದ್ದಿನ ಆಕಾರ.

ಲಾರಿಯ ಗರ್ಜನೆಯು ದೂರದಿಂದ ನಿಧಾನವಾಗಿ ಏರುತ್ತ ಬಂದು ನಿಧಾನವಾಗಿ ಇಳಿಯುವುದು. ಪಟಾಕಿಯು ಶೂನ್ಯದಿಂದ ಶಿಖರಕ್ಕೆ ಒಂದೇ ನೆಗೆತ. ಸಸ್ತನಿಗಳ ಮಿದುಳಿನ ಬುಡದಲ್ಲಿ ಬೆಚ್ಚಿಬೀಳುವುದಕ್ಕೆಂದೇ ಒಂದು ನರಮಾರ್ಗವುಂಟು. ಕಿವಿಯಿಂದ ಸ್ನಾಯುವಿಗೆ ಕೆಲವೇ ನರಕೋಶಗಳ ಹಾದಿ. ವಿಚಾರ ಮಾಡುವ ಮೇಲಿನ ಮಿದುಳಿಗೆ ಸುದ್ದಿ ಮುಟ್ಟುವ ಮೊದಲೇ ಮೈ ಬೆಚ್ಚಿರುವುದು. ಈ ಮಾರ್ಗವನ್ನು ಎಚ್ಚರಿಸುವುದು ಸದ್ದಿನ ಬಲವಷ್ಟೇ ಅಲ್ಲ, ಅದು ಎಷ್ಟು ಬೇಗ ಏರಿತೆಂಬುದೂ ಹೌದು. ಮಧ್ಯಕಿವಿಯಲ್ಲಿರುವ ಪುಟ್ಟ ಸ್ನಾಯುಗಳು ಜೋರು ಸದ್ದು ಬಂದಾಗ ಬಿಗಿದುಕೊಂಡು ಒಳಕಿವಿಯನ್ನು ಸ್ವಲ್ಪಮಟ್ಟಿಗೆ ಕಾಪಾಡುವುವು. ಆದರೆ ಅವು ಬಿಗಿದುಕೊಳ್ಳಲು ಹತ್ತಾರು ಮಿಲಿಸೆಕೆಂಡುಗಳು ಬೇಕು. ಎರಡು ಮಿಲಿಸೆಕೆಂಡಿನ ಪಟಾಕಿಯ ಮುಂದೆ ಅವುಗಳ ಕಾವಲು, ಕಳ್ಳನು ಹೋದ ಮೇಲೆ ಹಾಕಿದ ಬೀಗದಂತೆ. ನಾಲ್ಕು ಕಾಲಿನ ಪ್ರಾಣಿಯೊಂದಕ್ಕೆ ಬೆಚ್ಚಿದ ಮರುಕ್ಷಣ ತಿಳಿಯಬೇಕಾದುದು ‘ಅಪಾಯ ಎಲ್ಲಿ?’ ಎಂಬುದು. ಗೋಡೆಗಳಿಂದ ಮರಳುವ ಪ್ರತಿಧ್ವನಿಗಳು ಅದನ್ನೂ ತಿಳಿಯಗೊಡುವುದಿಲ್ಲ. ಓಡುವುದೊಂದೇ ಉಳಿದ ದಾರಿ.

ನಮ್ಮ ಕರಾವಳಿಯಲ್ಲಿ ದೀಪಾವಳಿಯ ದಿನಗಳಲ್ಲಿಯೇ ಸಂಜೆಯ ಗುಡುಗು ಮಳೆಯೂ ಬರುವುದುಂಟು. ಗುಡುಗಿಗೆ ಹೆದರುವ ನಾಯಿಗಳೂ ಉಂಟು. ಆದರೆ ಗುಡುಗು ಬರುವ ಮೊದಲು ಗಾಳಿ ತಿರುಗುವುದು, ಮೋಡ ಕವಿಯುವುದು, ಮಿಂಚು ಹೊಳೆಯುವುದು. ಪಟಾಕಿಗೆ ಇಂಥ ಮುನ್ಸೂಚನೆ ಯಾವುದೂ ಇಲ್ಲ. ಬತ್ತಿಗೆ ಬೆಂಕಿ ತಾಗಿಸಿದ ಹುಡುಗನಿಗೆ ಮಾತ್ರ ಅದು ಯಾವಾಗ ಸಿಡಿಯುವುದೆಂದು ಗೊತ್ತು. ಅದಕ್ಕೇ ಅವನಿಗೆ ಅದು ವಿನೋದ.

ಬ್ರಿಟನ್ನಿನಲ್ಲಿ ನಡೆದು 2013ರಲ್ಲಿ ಪ್ರಕಟವಾದ ಒಂದು ಸಮೀಕ್ಷೆಯಲ್ಲಿ, ತಮ್ಮ ನಾಯಿಯು ಸದ್ದಿಗೆ ಹೆದರುವುದೆಂದು ತಾವಾಗಿಯೇ ಹೇಳಿದವರು ಸುಮಾರು ಕಾಲು ಭಾಗ ಮಂದಿ. ಆದರೆ ನಡುಗುವುದೆ, ಬಚ್ಚಿಟ್ಟುಕೊಳ್ಳುವುದೆ, ಜೊಲ್ಲು ಸುರಿಸುವುದೆ ಎಂದು ಒಂದೊಂದಾಗಿ ಕೇಳಿದಾಗ ಅಂಥ ಒಂದಾದರೂ ಲಕ್ಷಣವುಂಟೆಂದು ಹೇಳಿದವರು ಹೆಚ್ಚುಕಡಿಮೆ ಅರ್ಧದಷ್ಟು. ನಾಯಿಯನ್ನು ಮನೆಯವನಂತೆ ಸಾಕಿದವರಿಗೂ ಅದರ ಭಯವು ಕಣ್ಣಿಗೆ ಬೀಳದೆ ಹೋಗುವುದುಂಟು. ಹಕ್ಕಿಗಳ ಭಯವಂತೂ ಬಹುಕಾಲ ಯಾರಿಗೂ ಕಾಣದೆಯೇ ಇದ್ದಿತು. ಅದನ್ನು ಕಂಡುದು ಮಳೆಯನ್ನು ನೋಡಲು ಇಟ್ಟಿದ್ದ ರೇಡಾರು! ಹಾಲೆಂಡಿನಲ್ಲಿ ಹೊಸ ವರ್ಷದ ನಡುರಾತ್ರಿ ಜನರು ಮದ್ದು ಸುಡತೊಡಗಿದ ಕೆಲವೇ ನಿಮಿಷಗಳಲ್ಲಿ ಹವಾಮಾನದ ರೇಡಾರಿನ ತೆರೆಯ ಮೇಲೆ ಮಳೆಯಲ್ಲದ ಮೋಡವೊಂದು ಏಳುತ್ತಿತ್ತು. ಜೌಗುನೆಲಗಳಲ್ಲಿಯೂ ಹುಲ್ಲುಗಾವಲುಗಳಲ್ಲಿಯೂ ಮಲಗಿದ್ದ ಸಾವಿರಾರು ನೀರುಹಕ್ಕಿಗಳೇ ಆ ಮೋಡ. ಸತತವಾಗಿ ಮೂರು ವರ್ಷ ಹೀಗೆಯೇ ಕಂಡಿತೆಂದು 2011ರಲ್ಲಿ ಪ್ರಕಟಿಸಿದರು. ಹಕ್ಕಿಗಳು 500 ಮೀಟರಿನಷ್ಟು ಎತ್ತರದಲ್ಲಿ, ಮುಕ್ಕಾಲು ಗಂಟೆಗೂ ಮೀರಿ, ಕತ್ತಲಲ್ಲಿ ಸುತ್ತುತ್ತಿದ್ದುವು. ಈ ಪರಿಣಾಮವು 10 ಕಿಲೋಮೀಟರು ದೂರದವರೆಗೂ ಕಾಣುವುದೆಂದು 2023ರ ಇನ್ನೊಂದು ಅಧ್ಯಯನವು ತಿಳಿಸಿತು. ಆಸ್ಟ್ರಿಯದಲ್ಲಿ ಕೆಲವು ಬೂದುಹೆಬ್ಬಾತುಗಳ ಮೈಯೊಳಗೆ ಪುಟ್ಟ ಉಪಕರಣಗಳನ್ನಿಟ್ಟು ನೋಡಿದಾಗ, ಹೊಸ ವರ್ಷದ ಮೊದಲ ಗಂಟೆಯಲ್ಲಿ ಅವುಗಳ ಎದೆಬಡಿತವು ಹೆಚ್ಚುಕಡಿಮೆ ಇಮ್ಮಡಿಯಾದುದು ಕಂಡುಬಂದಿತು. ಅಮೆರಿಕದ ಅರ್ಕನ್ಸಾ ಪ್ರಾಂತದ ಬೀಬಿ ಎಂಬ ಊರಿನಲ್ಲಿ 2010ರ ಡಿಸೆಂಬರ್ 31ರ ರಾತ್ರಿ ಗೂಡುಸೇರಿದ್ದ ಕಪ್ಪುಹಕ್ಕಿಗಳು ಸಿಡಿಮದ್ದಿಗೆ ಬೆದರಿ ಎದ್ದು, ಕತ್ತಲಲ್ಲಿ ಮನೆಗಳಿಗೂ ಮರಗಳಿಗೂ ಬಡಿದುಕೊಂಡು ಸುಮಾರು 5,000ದಷ್ಟು ಸತ್ತುಬಿದ್ದುವು.

ಕೊಟ್ಟಾರದ ರಸ್ತೆಬದಿಯ ಮರಗಳಲ್ಲಿಯೂ ಸಂಜೆಯ ಹೊತ್ತು ಕಾಗೆ ಗೊರವಂಕಗಳ ಸಂತೆ ಸೇರುವುದನ್ನು ನಾವು ದಿನವೂ ನೋಡುವೆವು. ಹಬ್ಬದ ರಾತ್ರಿ ಅವು ಎಲ್ಲಿಗೆ ಹೋಗುವುವೆಂದು ಲೆಕ್ಕವಿಟ್ಟವರಿಲ್ಲ. ಎಂಟು ಗಂಟೆಯ ಮೇಲೆ ಕಾಗೆಗಳು ಕೂಗುತ್ತ ಬೆಳಕಿನ ಕಂಬಗಳ ಮೇಲೆ ಹಾರಾಡುವುದನ್ನು ಕೇಳಿದರೆ, ಊಹಿಸುವುದು ಕಷ್ಟವಲ್ಲ.

ಹಾಗಾದರೆ ಪ್ರಾಣಿಗಳನ್ನು ಸದ್ದಿಗೆ ಸಿದ್ಧಪಡಿಸಲು ಸಾಧ್ಯವೇ ಇಲ್ಲವೆ? ಸಾಧ್ಯವುಂಟು, ಅದರ ಉತ್ತಮ ಉದಾಹರಣೆಯು ನಮ್ಮ ರಾಜ್ಯದಲ್ಲಿಯೇ ಪ್ರತಿವರ್ಷ ನಡೆಯುತ್ತಿದೆ. ಮೈಸೂರು ದಸರೆಯ ಜಂಬೂ ಸವಾರಿಯ ದಿನ ಅಂಬಾರಿಗೆ ಪುಷ್ಪಾರ್ಚನೆಯಾಗುವಾಗ ಏಳು ಪಿರಂಗಿಗಳಿಂದ ಇಪ್ಪತ್ತೊಂದು ಕುಶಾಲತೋಪುಗಳನ್ನು ಹಾರಿಸುವರು. 750 ಕಿಲೋಗ್ರಾಂ ತೂಕದ ಚಿನ್ನದ ಅಂಬಾರಿಯನ್ನು ಹೊತ್ತ ಆನೆಯು ಆ ಹೊತ್ತಿನಲ್ಲಿ, ಲಕ್ಷಾಂತರ ಜನರ ನಡುವೆ, ಬೆದರಿತೆಂದರೆ ಏನಾಗುವುದೆಂದು ಯೋಚಿಸುವುದೂ ಬೇಡ. ಅದಕ್ಕಾಗಿ ಕಾಡಿನ ಶಿಬಿರಗಳಿಂದ ಬಂದ ಆನೆಗಳಿಗೂ ಪೊಲೀಸರ ಕುದುರೆಗಳಿಗೂ ಹಬ್ಬಕ್ಕೆ ಮೊದಲೇ ಕುಶಾಲತೋಪಿನ ತಾಲೀಮು ನಡೆಯುವುದು. ಆನೆಗಳನ್ನು ಸಾಲಾಗಿ ನಿಲ್ಲಿಸಿ, ಮಾವುತ ಕಾವಾಡಿಗಳು ಮೈಸವರುತ್ತ ಹತ್ತಿರದಲ್ಲಿಯೇ ಇದ್ದು, ತೋಪುಗಳನ್ನು ಹಾರಿಸುವರು. ಹಳೆಯ ಆನೆಗಳು ಕಿವಿ ಬೀಸುತ್ತ ನಿಂತಿರುವುವು. ಹೊಸಬರು ಮೊದಲ ಸಲ ಘೀಳಿಟ್ಟು ಹಿಂದೆ ಸರಿಯುವುದುಂಟು. ದಿನ ಬಿಟ್ಟು ಮತ್ತೆ ತಾಲೀಮು, ಮತ್ತೆ ಒಮ್ಮೆ. ಪಿರಂಗಿಯ ಸದ್ದಿನಲ್ಲಿ ಹೆಚ್ಚಿನ ಭಾಗವು ತಗ್ಗಿನ ಸ್ವರಗಳದು. ‘ಎ’ ಮಾಪಕವು ಕಳೆದುಬಿಡುವ, ಆನೆಯ ಕಿವಿಯು ಮಾತ್ರ ಬಿಡದ ಸ್ವರಗಳು ಅವು. ಅಂದರೆ ಆನೆಗೆ ಆ ಸದ್ದು, ಮಾಪಕವು ಹೇಳುವುದಕ್ಕಿಂತ ದೊಡ್ಡದು. ಆದರೂ ಆನೆಯು ನಿಲ್ಲಲು ಕಲಿಯುವುದು.

ಇಲ್ಲಿ ಗಮನಿಸತಕ್ಕದ್ದು ಸದ್ದನ್ನು ಮತ್ತೆ ಮತ್ತೆ ಕೇಳಿಸಿದರೆ ಸಾಕೆಂಬುದನ್ನಲ್ಲ. ಹಾಗಿದ್ದರೆ ವರ್ಷವರ್ಷವೂ ಪಟಾಕಿ ಕೇಳುವ ನಾಯಿಗಳಿಗೆ ಭಯವು ಇಳಿಯುತ್ತ ಹೋಗಬೇಕಾಗಿತ್ತು. ಅನೇಕ ನಾಯಿಗಳಲ್ಲಿ ಅದು ಏರುತ್ತ ಹೋಗುವುದು. ಭೇದವು ಕ್ರಮದಲ್ಲಿದೆ. ತಾಲೀಮಿನಲ್ಲಿ ಸದ್ದಿಗೆ ಹೊತ್ತುಂಟು, ದೂರವುಂಟು, ನಂಬಿದ ಮನುಷ್ಯನು ಪಕ್ಕದಲ್ಲಿದ್ದಾನೆ, ಆಮೇಲೆ ಕೆಟ್ಟದೇನೂ ಆಗುವುದಿಲ್ಲ. ಓಣಿಯ ನಾಯಿಗೆ ಈ ನಾಲ್ಕರಲ್ಲಿ ಒಂದೂ ಇಲ್ಲ.

ಹೊತ್ತಿನ ಮಾತು ಬಂದುದರಿಂದ ನಿರ್ಬಂಧಗಳ ಇತಿಹಾಸವನ್ನು ಸ್ವಲ್ಪ ಹೇಳಬೇಕು. ಸಿಡಿಮದ್ದಿನ ವಿನೋದವು ನಮ್ಮ ನಾಡಿಗೆ ಹೊಸತಲ್ಲ. 1443ರಲ್ಲಿ ವಿಜಯನಗರಕ್ಕೆ ಬಂದ ಪಾರಸಿಕ ರಾಯಭಾರಿ ಅಬ್ದುರ್ ರಜಾಕನು ಅಲ್ಲಿಯ ಉತ್ಸವದಲ್ಲಿ ಬಾಣಬಿರುಸುಗಳನ್ನು ಕಂಡು ಬರೆದಿಟ್ಟಿದ್ದಾನೆ. ನಿರ್ಬಂಧವಾದರೋ ತೀರ ಇತ್ತೀಚಿನದು. ಸರ್ವೋಚ್ಚ ನ್ಯಾಯಾಲಯವು 2005ರ ಜುಲೈಯಲ್ಲಿ, ರಾತ್ರಿ ಹತ್ತರಿಂದ ಬೆಳಗ್ಗೆ ಆರರವರೆಗೆ ಸದ್ದಿನ ಪಟಾಕಿಗಳನ್ನು ಸುಡಕೂಡದೆಂದು ವಿಧಿಸಿತು. 2018ರ ಅಕ್ಟೋಬರ್ 23ರ ತೀರ್ಪು ಇನ್ನೂ ಮುಂದೆ ಹೋಗಿ ದೀಪಾವಳಿಯಂಥ ಹಬ್ಬಗಳಲ್ಲಿ ರಾತ್ರಿ 8ರಿಂದ 10ರವರೆಗೆ ಮಾತ್ರ, ಕ್ರಿಸ್‌ಮಸ್ ಮತ್ತು ಹೊಸ ವರ್ಷದ ಹಿಂದಿನ ರಾತ್ರಿಗಳಲ್ಲಿ 11.55ರಿಂದ 12.30ರವರೆಗೆ ಮಾತ್ರ ಅನುಮತಿಯಿತ್ತಿತು. ಬೇರಿಯಂ ಲವಣಗಳನ್ನೂ ಸರಪಟಾಕಿಗಳನ್ನೂ ನಿಷೇಧಿಸಿತು. ಈ ವ್ಯಾಜ್ಯವು 2015ರಲ್ಲಿ ದೆಹಲಿಯ ಮೂವರು ಎಳೆಯ ಮಕ್ಕಳ ಹೆಸರಿನಲ್ಲಿ, ಅವರ ಶ್ವಾಸಕೋಶಗಳ ರಕ್ಷಣೆಗಾಗಿ, ಆರಂಭವಾದುದು. ನಾಯಿ ಹಸುಗಳಿಗಾಗಿ ಅಲ್ಲ. ಹಸಿರು ಪಟಾಕಿಯೂ ಹಾಗೆಯೇ. ನಾಗಪುರದ ರಾಷ್ಟ್ರೀಯ ಪರಿಸರ ಇಂಜಿನಿಯರಿಂಗ್ ಸಂಶೋಧನ ಸಂಸ್ಥೆಯು ರೂಪಿಸಿದ ಈ ಪಟಾಕಿಯಲ್ಲಿ ಹೊಗೆಯ ಕಣಗಳು ಕನಿಷ್ಠ 30 ಶೇಕಡದಷ್ಟು ಕಡಿಮೆ. ಶ್ವಾಸಕೋಶಗಳಿಗೆ ಅದು ಲಾಭವೇ ಸರಿ. ಆದರೆ ಹಸಿರು ಪಟಾಕಿಯೂ ಸಿಡಿಯುವುದು, ಅದೇ ಕಾನೂನಿನ ಮಿತಿಯೊಳಗೆ ಜೋರಾಗಿಯೇ ಸಿಡಿಯುವುದು. ಡಬ್ಬಿಯ ಮೇಲಿನ ಹಸಿರು ಗುರುತು ಕರಿಯನಿಗೆ ಓದಲು ಬಾರದು.

ನಮ್ಮ ಅಭಿಪ್ರಾಯದಲ್ಲಿ, ಪ್ರಾಣಿಗಳಿಗೆ ನಿಜವಾಗಿ ಒದಗಿಬಂದುದು ಡೆಸಿಬೆಲ್ಲಿನ ಅಂಕಿಯಲ್ಲ, ಗಡಿಯಾರದ ಮುಳ್ಳು. ಎಂಟರಿಂದ ಹತ್ತು ಎಂಬ ನಿಯಮವನ್ನು ಮನುಷ್ಯರು ಪಾಲಿಸಿದರೆ, ಮೈಸೂರಿನ ಮಾವುತನಿಗೆ ಇರುವ ಒಂದು ಅನುಕೂಲವು ಕೊಟ್ಟಾರದ ಗೃಹಸ್ಥನಿಗೂ ದೊರೆಯುವುದು: ಸದ್ದು ಯಾವಾಗ ಬರುವುದೆಂಬ ತಿಳಿವಳಿಕೆ. ಪುತ್ತೂರಿನ ಏಪ್ರಿಲ್ ಜಾತ್ರೆಯ ಬೆಡಿ, ಕಾಸರಗೋಡಿನ ಕಡೆ ಕುಂಬಳೆಯ ಜನವರಿಯ ಬೆಡಿ ಇವುಗಳ ದಿನವು ಸೀಮೆಗೆಲ್ಲ ಮೊದಲೇ ಗೊತ್ತಿರುವುದರಿಂದ, ಸಮೀಪದಲ್ಲಿ ದನಕರುಗಳಿರುವವರು ಅವನ್ನು ಒಳಗೆ ಕಟ್ಟಿಕೊಳ್ಳಬಲ್ಲರು. ಹಬ್ಬಕ್ಕೆ ಎಂಟು ದಿನ ಮೊದಲೇ ಆರಂಭವಾಗಿ ತುಳಸಿ ಪೂಜೆಯವರೆಗೆ ಬೇಕಾದ ಹೊತ್ತಿನಲ್ಲಿ ಸಿಡಿಯುವ ಒಂಟಿ ಗರ್ನಾಲಿಗೆ ಯಾರೂ ಸಿದ್ಧರಾಗಿರುವಂತಿಲ್ಲ.

2018ರ ತೀರ್ಪಿನಲ್ಲಿ ಇನ್ನೊಂದು ಸೂಚನೆಯೂ ಇತ್ತು: ಮನೆಮನೆಯ ಮುಂದೆ ಸುಡುವುದಕ್ಕೆ ಬದಲಾಗಿ ಗೊತ್ತುಪಡಿಸಿದ ಸ್ಥಳದಲ್ಲಿ ಎಲ್ಲರೂ ಸೇರಿ ಸುಡುವ ಏರ್ಪಾಡನ್ನು ಯೋಚಿಸಬೇಕೆಂಬುದು. ಭೌತಶಾಸ್ತ್ರದ ದೃಷ್ಟಿಯಿಂದ ಇದು ಸೊಗಸಾದ ಸೂಚನೆ. ಹತ್ತು ಮಡಿ ದೂರಕ್ಕೆ 20 ಡೆಸಿಬೆಲ್ ಎಂಬ ಲಾಭವನ್ನು ಯಾವ ಹಸಿರು ಮದ್ದೂ ಕೊಡಲಾರದು. ಆದರೆ ಮಂಗಳೂರಿನಲ್ಲಿ ಬಯಲು ಎಂದರೆ ಎಲ್ಲರಿಗೂ ಮೊದಲು ತೋಚುವುದು ಕಡಲದಂಡೆ. ತಣ್ಣೀರುಬಾವಿಯ ಬೆನ್ನಿಗೇ ಗುರುಪುರ ನದಿಯ ಅಳಿವೆಯ ನೀರು; ಚಳಿಗಾಲಕ್ಕೆ ದೂರದಿಂದ ಬರುವ ಕಡಲಹಕ್ಕಿಗಳು ಇಂಥ ಕಡೆಯಲ್ಲಿಯೇ ಇಳಿಯುವುವು. ಹಾಲೆಂಡಿನ ರೇಡಾರನ್ನು ನೆನೆದರೆ, ನಾಯಿಯ ಭಯವನ್ನು ಹಕ್ಕಿಗೆ ದಾಟಿಸಿದಂತೆಯೇ ಆದೀತು. ಊರೊಳಗಿನ ಆಟದ ಮೈದಾನವೇ ಮೇಲೆಂದು ನಮಗೆ ತೋರುವುದು. ದಕ್ಷಿಣ ಅಮೆರಿಕದ ಗಲಾಪಗೋಸ್ ದ್ವೀಪಗಳಲ್ಲಿ 2018ರ ಡಿಸೆಂಬರಿನಿಂದ ಸದ್ದಿನ ಮದ್ದನ್ನೇ ನಿಷೇಧಿಸಿ ಬೆಳಕಿನವನ್ನು ಮಾತ್ರ ಉಳಿಸಿಕೊಂಡಿದ್ದಾರೆ. ನಮಗೆ ಗೂಡುದೀಪವಿದೆಯಷ್ಟೆ!

ಗೋಪೂಜೆಯ ಮಾತನ್ನು ಹೇಳದೆ ಮುಂದೆ ಹೋಗಲಾಗದು. ತುಳುನಾಡಿನಲ್ಲಿ ಬಲಿಪಾಡ್ಯದ ದಿನ ಹಸುವಿನ ಮೈತೊಳೆದು, ಬಿಳಿಯ ವೃತ್ತಗಳನ್ನೊತ್ತಿ, ಹೂಮಾಲೆ ಹಾಕಿ, ದೋಸೆ ತಿನ್ನಿಸಿ, ಆರತಿ ಎತ್ತುವರು. ಕೊಟ್ಟಾರದಲ್ಲಿ ಈಗ ಹಟ್ಟಿಗಳು ಬೆರಳೆಣಿಕೆಯಷ್ಟು. ಇರುವ ಒಂದು ಹಟ್ಟಿಯ ಪೂಜೆಗೆ ನಾವು ಹೋಗಿದ್ದಾಗ, ಆರತಿಯಾದ ಕೂಡಲೆ ಮಕ್ಕಳು ಹಟ್ಟಿಯ ಬಾಗಿಲಲ್ಲಿಯೇ ಮಾಲೆಪಟಾಕಿಗೆ ಬೆಂಕಿಯಿಟ್ಟರು. ಹೂಮಾಲೆಯ ಹಸುವು ಗೋಡೆಗೆ ಒತ್ತಿಕೊಂಡು, ಬಿಳಿಗಣ್ಣು ಮಾಡಿ, ಕೊರಳ ಹಗ್ಗವನ್ನು ಜಗ್ಗುತ್ತಿದ್ದಿತು. ಮನೆಯ ಅಜ್ಜಿಯು, “ಪೂಜೆ ಯಾರಿಗೆ ಮಕ್ಕಳೇ?” ಎಂದಷ್ಟೇ ಕೇಳಿದರು.

ಬೇಕೆಂದೇ ಪ್ರಾಣಿಯ ಬಾಲಕ್ಕೆ ಪಟಾಕಿ ಕಟ್ಟುವ ಕ್ರೌರ್ಯವು ಬೇರೆಯ ಮಾತು. 1960ರ ಪ್ರಾಣಿಹಿಂಸೆ ತಡೆ ಕಾಯಿದೆಯಲ್ಲಿ ಮೊದಲ ಅಪರಾಧಕ್ಕೆ ದಂಡವು 10ರಿಂದ 50 ರೂಪಾಯಿಯಷ್ಟೇ. ಒಂದು ಡಬ್ಬಿ ಪಟಾಕಿಗೂ ಅದಕ್ಕಿಂತ ಹೆಚ್ಚು ಬೆಲೆ. ಕೊಂದರೆ ಅಥವಾ ಅಂಗಹೀನ ಮಾಡಿದರೆ ಮಾತ್ರ, 2024ರ ಜುಲೈಯಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯ 325ನೆಯ ಕಲಮಿನಂತೆ ಐದು ವರ್ಷಗಳವರೆಗೆ ಸೆರೆಯಾಗಬಹುದು.

ನಮ್ಮ ನೆರೆಯವರು ಮರುವರ್ಷ ಏನು ಮಾಡಿದರೆಂಬುದನ್ನು ಹೇಳುವೆವು. ಸ್ವಿಟ್ಜರ್‌ಲೆಂಡಿನ ಸಂಶೋಧಕಿಯೊಬ್ಬರು ನಾಯಿ ಸಾಕಿದವರಿಂದ ಸಂಗ್ರಹಿಸಿ 2020ರಲ್ಲಿ ಪ್ರಕಟಿಸಿದ ವರದಿಯಂತೆ, ಪ್ರತಿ ಸದ್ದಿನ ಬೆನ್ನಿಗೆ ರುಚಿಯಾದ ತಿಂಡಿಯನ್ನೋ ಆಟವನ್ನೋ ಕೊಡುವ ಉಪಾಯವು ಪ್ರಯತ್ನಿಸಿದವರಲ್ಲಿ 70 ಶೇಕಡಕ್ಕಿಂತ ಹೆಚ್ಚು ಮಂದಿಗೆ ಫಲ ಕೊಟ್ಟಿತ್ತು. ಇದನ್ನು ಅವರಿಗೆ ತಿಳಿಸಿದೆವು. ಹಬ್ಬಕ್ಕೆ ಒಂದೂವರೆ ತಿಂಗಳಿರುವಾಗಲೇ ಅವರು ಧ್ವನಿಮುದ್ರಿಸಿದ ಪಟಾಕಿಯ ಸದ್ದನ್ನು ಪಿಸುಮಾತಿನಷ್ಟು ಸಣ್ಣದಾಗಿ ಹಾಕಿ, ಪ್ರತಿ ಸದ್ದಿಗೂ ಒಂದು ಚೂರು ಚಪಾತಿ ಕೊಡತೊಡಗಿದರು. ನಾಯಿಯು ತಿನ್ನುವುದನ್ನು ನಿಲ್ಲಿಸಿದರೆ ಸದ್ದನ್ನು ತಗ್ಗಿಸುವುದು, ತಿಂದರೆ ಮರುದಿನ ಒಂದಿಷ್ಟು ಏರಿಸುವುದು. ಹೆದರಿದ ನಾಯಿಯನ್ನು ಸಂತೈಸಿದರೆ ಹೆದರಿಕೆ ಹೆಚ್ಚುವುದೆಂಬ ಹಳೆಯ ನಂಬಿಕೆಯೊಂದುಂಟು. ಭಯಕ್ಕೆ ಬಹುಮಾನ ಕೊಟ್ಟು ಬೆಳೆಸಲಾಗದು; ಮೈಸವರಲು ಅಂಜಬೇಕಾದುದಿಲ್ಲ. ತೀರ ಹೆದರುವ ನಾಯಿಗಳಿಗೆ ಪಶುವೈದ್ಯರು ಔಷಧ ಕೊಡುವುದೂ ಉಂಟು. ಅದನ್ನು ಅವರನ್ನೇ ಕೇಳಬೇಕು. ಕೊರಳಪಟ್ಟಿಗೆ ಮನೆಯ ಫೋನ್ ಸಂಖ್ಯೆಯನ್ನು ಹೊಲಿದರು.

ಹಬ್ಬದ ಸಂಜೆ ಏಳೂವರೆಗೆ ಕರಿಯನನ್ನು ಒಳಗಿನ ಕೋಣೆಗೆ ತಂದು, ಕಿಟಕಿಗಳನ್ನು ಮುಚ್ಚಿ ದಪ್ಪ ಕಂಬಳಿ ತೂಗಹಾಕಿ, ರೇಡಿಯೊ ಹಚ್ಚಿದರು. ನಾವೂ ಹೋಗಿ ಕುಳಿತೆವು. ಎಂಟಕ್ಕೆ ಸರಿಯಾಗಿ ಆರಂಭವಾಯಿತು. ಮೊದಲ ಸದ್ದಿಗೆ ಅದು ಎದ್ದು ನಿಂತಿತು. ಚಪಾತಿಯ ಚೂರನ್ನು ಮೂಸಿ, ತಿಂದಿತು. ಒಂಬತ್ತರ ಹೊತ್ತಿಗೆ ಸದ್ದಾದೊಡನೆ ಕಿವಿ ಹಿಂದಕ್ಕೆ ಮಡಚಿದರೂ, ಕಣ್ಣು ಮಾತ್ರ ಮನೆಯಾಕೆಯ ಕೈಯ ಕಡೆಗೇ ತಿರುಗುತ್ತಿತ್ತು. ಹತ್ತು ಗಂಟೆ ಕಳೆಯಿತು. ಸದ್ದು ನಿಂತಿತೆಂದು ಕಂಬಳಿ ಇಳಿಸಿ, ಬಾಗಿಲು ತೆರೆದರು. ಕರಿಯನು ಜಗಲಿಗೆ ಬಂದು, ಅಂಗಳದ ಮೆಟ್ಟಿಲವರೆಗೆ ಹೋಗಿ, ಗಾಳಿಯನ್ನು ಮೂಸಿತು. ಹತ್ತೂಮುಕ್ಕಾಲಕ್ಕೆ ಓಣಿಯ ತುದಿಯಲ್ಲಿ ಒಂದು ಗರ್ನಾಲು ಸಿಡಿಯಿತು. ನಾಯಿಯು ನಮ್ಮ ಕಾಲುಗಳ ನಡುವೆಯೇ ನುಗ್ಗಿ ಒಳಗೆ ಓಡಿ, ಮಂಚದ ಕೆಳಗೆ ಸೇರಿತು. ಬೆಳಗಾಗುವವರೆಗೂ ಹೊರಗೆ ಬರಲಿಲ್ಲ.